ಕಂಬಳಿ ಯಾಕೆ ಚುಚ್ಚುತ್ತದೆ?

ಕರಿ ಕಂಬಳಿ ಹೊದ್ದು ಮಲಗಿದವರಿಗೆ ಅದು ಚುಚ್ಚುವುದು ಗೊತ್ತು. ಕಾಶ್ಮೀರದ ಪಶ್ಮೀನಾ ಶಾಲು ಕೆನ್ನೆಗೆ ತಾಗಿದರೂ ಏನೂ ಅನ್ನಿಸುವುದಿಲ್ಲ. ಎರಡೂ ಪ್ರಾಣಿಯ ಮೈಗೂದಲೇ. ಎರಡನ್ನೂ ಕೈಯಲ್ಲಿ ನೂತು ಕೈಮಗ್ಗದಲ್ಲಿ ನೆಯ್ಯುತ್ತಾರೆ. ಹಾಗಾದರೆ ಕಂಬಳಿ ನೆಯ್ದವರಿಗೆ ನಯವಾದ ಕೆಲಸ ಬರುವುದಿಲ್ಲ ಅಂತಲಾ?

ಖಂಡಿತ ಅಲ್ಲ. ವ್ಯತ್ಯಾಸ ಇರುವುದು ಎಳೆಯ ದಪ್ಪದಲ್ಲಿ. ಪಶ್ಮೀನಾ ಬರುವುದು ಲಡಾಖಿನ ಚಾಂಗ್‌ಥಾಂಗಿ ಮೇಕೆಯ ಒಳಗೂದಲಿನಿಂದ. ಅದರ ದಪ್ಪ 12ರಿಂದ 16 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಸಿಗುವುದು ಒಂದು ಮೈಕ್ರಾನ್. ಮೆರಿನೊ ಕುರಿಯ ಉಣ್ಣೆ 20ರ ಆಸುಪಾಸು. ನಮ್ಮ ಡೆಕ್ಕನಿ ಕುರಿಯ ಉಣ್ಣೆಯಲ್ಲಿ 30 ದಾಟಿದ ಎಳೆಗಳು ಬೇಕಾದಷ್ಟಿವೆ. ಸುಮಾರು 30 ಮೈಕ್ರಾನ್ ಎನ್ನುವುದು ಒಂದು ಗಡಿ. ಅದಕ್ಕಿಂತ ತೆಳುವಾದ ಎಳೆಯ ತುದಿ ಚರ್ಮಕ್ಕೆ ತಾಗಿದರೆ ತಾನೇ ಬಾಗುತ್ತದೆ. ದಪ್ಪಗಿದ್ದರೆ ಬಾಗದೆ ಒತ್ತುತ್ತದೆ. ಚರ್ಮದ ಕೆಳಗಿನ ನರಗಳಿಗೆ ಅದು ಚುಚ್ಚಿದ ಹಾಗೆ ಗೊತ್ತಾಗುತ್ತದೆ. ಬಹಳ ಜನ ಇದನ್ನು ಉಣ್ಣೆಯ ಅಲರ್ಜಿ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಇದು ಬರೀ ದಪ್ಪದ ವಿಷಯ.

ಕೈಮಗ್ಗದ ಬಟ್ಟೆಗಳ ಬಗ್ಗೆ ಓದುವಾಗ ಬಣ್ಣ, ಚಿತ್ತಾರ, ಪರಂಪರೆ ಇವೇ ಜಾಸ್ತಿ ಸಿಗುತ್ತವೆ. ನಾನಂತೂ ಮೊದಲು ಎಳೆಯನ್ನು ನೋಡಿ ಅನ್ನುತ್ತೇನೆ. ಯಾವ ಪ್ರಾಣಿಯದು, ಯಾವ ಗಿಡದ್ದು, ಅಲ್ಲಿ ನೀರು ಎಷ್ಟು, ಮಳೆ ಎಷ್ಟು. ಇಷ್ಟು ತಿಳಿದರೆ ಆ ಊರಿನ ಬಟ್ಟೆ ಯಾಕೆ ಹಾಗಿದೆ ಅನ್ನುವುದು ಮುಕ್ಕಾಲು ಪಾಲು ಅರ್ಥವಾಗುತ್ತದೆ.

ಉಣ್ಣೆ ಮತ್ತು ಹತ್ತಿ, ಎರಡರ ಸ್ವಭಾವವೂ ಬೇರೆ. ಉಣ್ಣೆ ನಮ್ಮ ತಲೆಗೂದಲಿನ ಹಾಗೆ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಯ ಮೇಲೆಲ್ಲ ಮಂಗಳೂರು ಹೆಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪದರಗಳು ಕಾಣುತ್ತವೆ, ಎಲ್ಲವೂ ಒಂದೇ ದಿಕ್ಕಿಗೆ ಇಳಿಜಾರಾಗಿ. ಒದ್ದೆ ಮಾಡಿ ಉಜ್ಜಿದರೆ ಒಂದು ಎಳೆಯ ಪದರಕ್ಕೆ ಇನ್ನೊಂದರ ಪದರ ಸಿಕ್ಕಿಕೊಳ್ಳುತ್ತದೆ. ಎಳೆ ಒಂದೇ ದಿಕ್ಕಿಗೆ ಸರಿಯಬಲ್ಲದು, ಹಿಂದಕ್ಕೆ ಬರಲಾರದು. ಹಾಗಾಗಿ ಬಟ್ಟೆ ಕುಗ್ಗಿ ದಪ್ಪಗಾಗುತ್ತದೆ, ನೇಯ್ಗೆಯ ಸಂದುಗಳು ಮುಚ್ಚಿಕೊಳ್ಳುತ್ತವೆ. ವಾಷಿಂಗ್ ಮೆಷಿನ್ನಿಗೆ ಹಾಕಿದ ಸ್ವೆಟರ್ ಮಗುವಿನ ಅಳತೆಗೆ ಬರುವುದು ಇದರಿಂದಲೇ.

ಹತ್ತಿ ಸಸ್ಯದ ಸೆಲ್ಯುಲೋಸ್. ಬೀಜದ ಸಿಪ್ಪೆಯ ಮೇಲೆ ಹುಟ್ಟುವ ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ. ಕಾಯಿ ಒಡೆದು ಬಿಸಿಲಿಗೆ ಒಣಗಿದಾಗ ಆ ಕೊಳವೆ ಚಪ್ಪಟೆಯಾಗಿ, ತನ್ನಷ್ಟಕ್ಕೆ ತಿರುಚಿಕೊಳ್ಳುತ್ತದೆ. ಈ ತಿರುಚು ಇರುವುದರಿಂದಲೇ ನೂಲುವಾಗ ಎಳೆಗಳು ಒಂದನ್ನೊಂದು ಹಿಡಿಯುತ್ತವೆ. ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತದೆ. ಉಣ್ಣೆ ಒದ್ದೆಯಾದಾಗ ಸಡಿಲವಾಗುತ್ತದೆ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಢಾಕಾಕ್ಕೆ ಹೋದಾಗ ಬೇಕಾಗುತ್ತದೆ.

ಮೊದಲು ಕಂಬಳಿ. ಡೆಕ್ಕನಿ ಕುರಿ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರದ ಒಣ ನೆಲದ ಕುರಿ. ಬಣ್ಣ ಹೆಚ್ಚಾಗಿ ಕಪ್ಪು. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಕುರಿ ಕಾಯುವುದು, ಉಣ್ಣೆ ತೆಗೆಯುವುದು, ನೂಲುವುದು, ನೆಯ್ಯುವುದು ಎಲ್ಲವೂ ಬಹುಪಾಲು ಕುರುಬರ ಮನೆಗಳಲ್ಲೇ ನಡೆದು ಬಂದಿದೆ. ನೂಲುವುದು ಹೆಂಗಸರ ಕೈಯಲ್ಲಿ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ರಾಣೆಬೆನ್ನೂರು ಹತ್ತಿರದ ಮೆಡ್ಲೇರಿ ಕಂಬಳಿಗೆ ಹೆಸರಾದ ಊರುಗಳು.

ಉಣ್ಣೆಯನ್ನು ಹಿಂಜಿ, ನೂತ ಮೇಲೆ ಮುಖ್ಯವಾದ ಒಂದು ಕೆಲಸ ಇದೆ. ನೂಲಿಗೆ ಹುಣಸೆ ಬೀಜದ ಗಂಜಿ ಹಾಕುವುದು. ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ ಕುದಿಸಿದರೆ ಅಂಟು ಬರುತ್ತದೆ. ಅದನ್ನು ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ನೂಲಿಗೆ, ದೊಡ್ಡ ಕುಂಚದಿಂದ ಬಳಿಯುತ್ತಾರೆ. ಡೆಕ್ಕನಿ ಉಣ್ಣೆಯ ನೂಲು ಗಿಡ್ಡ, ಒರಟು ಎಳೆಗಳದ್ದು. ಸುತ್ತಲೂ ರೋಮ ಎದ್ದಿರುತ್ತದೆ. ಹಾಗೇ ಮಗ್ಗಕ್ಕೆ ಏರಿಸಿದರೆ ಪಕ್ಕದ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹರಿಯುತ್ತವೆ. ಗಂಜಿ ಆ ರೋಮವನ್ನು ಮಲಗಿಸಿ, ನೂಲಿಗೆ ಬಲ ಕೊಡುತ್ತದೆ. ಹೊಸ ಕಂಬಳಿ ಹಲಗೆಯ ಹಾಗೆ ಬಿರುಸಾಗಿರುವುದು ಈ ಗಂಜಿಯಿಂದ. ಬಳಸುತ್ತಾ ತೊಳೆಯುತ್ತಾ ಅದು ಹೋಗುತ್ತದೆ, ಎಳೆಗಳು ಹತ್ತಿರ ಸೇರುತ್ತವೆ. ಅದಕ್ಕೇ ಹಳೇ ಕಂಬಳಿ ಹೊಸದಕ್ಕಿಂತ ಮೆತ್ತಗೆ, ಹೊಸದಕ್ಕಿಂತ ಬೆಚ್ಚಗೆ.

ಇನ್ನು ಮಳೆ. ಕುರಿಯ ಮೈಯಲ್ಲಿ ಲ್ಯಾನೊಲಿನ್ ಎಂಬ ಜಿಡ್ಡು ಇರುತ್ತದೆ. ಮನೆಯಲ್ಲಿ ಸಂಸ್ಕರಿಸಿದ ಉಣ್ಣೆಯಲ್ಲಿ ಅದು ಪೂರ್ತಿ ಹೋಗಿರುವುದಿಲ್ಲ. ಹನಿ ಬಿದ್ದರೆ ರೋಮದ ತುದಿಯಲ್ಲಿ ನಿಂತು ಜಾರುತ್ತದೆ. ಹೊರಗೆ ನೀರನ್ನು ತಳ್ಳುವ ಇದೇ ಎಳೆ ಒಳಗೆ ಗಾಳಿಯ ತೇವವನ್ನು ಹೀರುತ್ತದೆ. ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಹತ್ತಿ ಬಟ್ಟೆ ಒದ್ದೆಯಾದರೆ ಮೈಗೆ ಅಂಟಿ ಚಳಿ ಹುಟ್ಟಿಸುತ್ತದೆ, ಅಲ್ವಾ? ಉಣ್ಣೆ ಹಾಗೆ ಮಾಡುವುದಿಲ್ಲ. ಎಳೆ ದಪ್ಪ ಮತ್ತು ಬಿರುಸಾದ್ದರಿಂದ ನೆನೆದರೂ ಪೂರ್ತಿ ಮುದ್ದೆಯಾಗದೆ ಒಳಗೆ ಗಾಳಿಗೆ ಜಾಗ ಉಳಿಸುತ್ತದೆ. ಮಲೆನಾಡಿನ ಗದ್ದೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಇಡೀ ದಿನ ಮಳೆಯಲ್ಲಿ ಕೆಲಸ ಮಾಡುತ್ತಿದ್ದುದರ ಗುಟ್ಟು ಇದು. ಪಶ್ಮೀನಾ ಹೊದ್ದು ಆ ಕೆಲಸಕ್ಕೆ ಇಳಿಯಲಿ ನೋಡೋಣ.

ಇದೇ ಮಳೆಯ ಸಮಸ್ಯೆಗೆ ಸ್ಕಾಟ್ಲೆಂಡಿನ ಪಶ್ಚಿಮದ ಔಟರ್ ಹೆಬ್ರಿಡೀಸ್ ದ್ವೀಪದವರು ಬೇರೆ ದಾರಿ ಹಿಡಿದರು. ಅಲ್ಲಿನ ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆ ಬಟ್ಟೆಯನ್ನು ನೆಯ್ದ ಮೇಲೆ ಬೇಕೆಂದೇ ಕುಗ್ಗಿಸುತ್ತಿದ್ದರು. ಒದ್ದೆ ಬಟ್ಟೆಯನ್ನು ಉದ್ದದ ಹಲಗೆಯ ಮೇಲೆ ಹಾಕಿ, ಎರಡೂ ಕಡೆ ಹೆಂಗಸರು ಕೂತು, ಗೇಲಿಕ್ ಭಾಷೆಯ ಪದ ಹೇಳುತ್ತಾ ತಾಳಕ್ಕೆ ಸರಿಯಾಗಿ ಬಡಿದು ತಳ್ಳುವುದು. ನಮ್ಮ ಬೀಸುವ ಪದಗಳ ಹಾಗೆ ಕೆಲಸವೇ ಹುಟ್ಟಿಸಿದ ಹಾಡುಗಳು ಅವು. ಬಟ್ಟೆ ನೆನೆಸಲು ಹಳಸಿದ ಮೂತ್ರ ಬಳಸುತ್ತಿದ್ದರು. ಅದರ ಅಮೋನಿಯ ಎಣ್ಣೆ ಜಿಡ್ಡನ್ನು ತೆಗೆಯುತ್ತಿತ್ತು. ಈಗ ಆ ಕೊನೆಯ ಹಂತ ಗಿರಣಿಯಲ್ಲಿ ನಡೆಯುತ್ತದೆ, ಮೂಗಿಗೂ ಆರಾಮ.

ಹ್ಯಾರಿಸ್ ಟ್ವೀಡಿನ ವಿಶೇಷ ಇರುವುದು ಕಾನೂನಿನಲ್ಲಿ. 1993ರಲ್ಲಿ ಬ್ರಿಟನ್ ಸಂಸತ್ತು ಈ ಒಂದು ಬಟ್ಟೆಗಾಗಿಯೇ ಕಾಯ್ದೆ ಮಾಡಿತು. ಶುದ್ಧ ಹೊಸ ಉಣ್ಣೆಯನ್ನು ಆ ದ್ವೀಪಗಳಲ್ಲೇ ಬಣ್ಣ ಹಾಕಿ ನೂತಿರಬೇಕು. ದ್ವೀಪದವರು ತಮ್ಮ ಮನೆಯಲ್ಲೇ ಕೈಯಿಂದ ನೆಯ್ದಿರಬೇಕು. ಕೊನೆಯ ಸಂಸ್ಕರಣೆಯೂ ಅಲ್ಲೇ ಆಗಬೇಕು. ಇಲ್ಲದಿದ್ದರೆ ಆ ಹೆಸರು ಬಳಸುವಂತಿಲ್ಲ. ನೂಲುವುದು ಗಿರಣಿಯಲ್ಲಾದರೂ ಪರವಾಗಿಲ್ಲ, ನೇಯ್ಗೆ ಮಾತ್ರ ಮನೆಯಲ್ಲೇ ಆಗಬೇಕು. ಯಂತ್ರ ಎಲ್ಲಿವರೆಗೆ ಬರಬಹುದು ಎಂಬುದಕ್ಕೆ ಇಷ್ಟು ಸ್ಪಷ್ಟವಾಗಿ ಗೆರೆ ಎಳೆದ ಬಟ್ಟೆ ಇನ್ನೊಂದು ಸಿಗುವುದು ಕಷ್ಟ.

ಎಳೆಯನ್ನು ಮರೆತರೆ ಏನಾಗುತ್ತದೆ? ಅಮೆರಿಕದ ನೈಋತ್ಯದ ನವಹೋ ಜನರ ಕಥೆ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುತ್ತದೆ. ಅವರು ತಮ್ಮನ್ನು ದಿನೆ ಎಂದು ಕರೆದುಕೊಳ್ಳುತ್ತಾರೆ. ಅವರ ನೆರೆಯ ಪ್ಯೂಬ್ಲೊ ಜನ ಬಹಳ ಹಿಂದಿನಿಂದ ಹತ್ತಿ ಬೆಳೆದು ನೆಯ್ಯುತ್ತಿದ್ದರು. ನವಹೋಗಳು ನೇಯ್ಗೆ ಕಲಿತದ್ದು ಅವರಿಂದ. ಕುರಿ ಬಂದದ್ದು ಸ್ಪೇನಿನವರ ಜೊತೆ. ಆ ಚುರ್ರೊ ಕುರಿಯ ಹೊರಗೂದಲು ಉದ್ದ, ನೇರ, ಜಿಡ್ಡು ಬಹಳ ಕಡಿಮೆ. ಮರುಭೂಮಿಯಲ್ಲಿ ಇದಕ್ಕಿಂತ ಅನುಕೂಲ ಬೇಕೇ? ತೊಳೆಯಲು ಹೆಚ್ಚು ನೀರು ಬೇಡ. ಕೈಯಲ್ಲಿ ಹಿಂಜಿ ಕದಿರಿನಲ್ಲಿ ನೂಲುವುದೂ ಸುಲಭ. ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹೆಂಗಸರು ನೆಯ್ಯುತ್ತಾರೆ. ಅಡ್ಡಕ್ಕೆ ಸೇರಿಸುವ ಹೊಕ್ಕಿನ ನೂಲನ್ನು ಮರದ ಬಾಚಣಿಗೆಯಿಂದ ಎಷ್ಟು ಬಲವಾಗಿ ಕುಟ್ಟುತ್ತಾರೆಂದರೆ ಹಾಸಿನ ನೂಲು ಕಣ್ಣಿಗೇ ಬೀಳುವುದಿಲ್ಲ. ಕಾಣುವ ಬಣ್ಣವೆಲ್ಲ ಹೊಕ್ಕಿನದು.

1864ರಲ್ಲಿ ಅಮೆರಿಕದ ಸೈನ್ಯ ನವಹೋಗಳನ್ನು ಅವರ ನೆಲದಿಂದ ಎಬ್ಬಿಸಿ, ನೂರಾರು ಮೈಲಿ ನಡೆಸಿಕೊಂಡು ಹೋಗಿ ಬೋಸ್ಕೆ ರೆಡೊಂಡೊ ಎಂಬಲ್ಲಿ ಇಟ್ಟಿತು. ಹಿಂಡುಗಳು ನಾಶವಾದವು. 1868ರ ಒಪ್ಪಂದದ ಪ್ರಕಾರ ಅವರು ಹಿಂದಿರುಗಿದಾಗ 15,000 ಕುರಿ ಮೇಕೆ ಕೊಡುವುದಾಗಿ ಸರ್ಕಾರ ಒಪ್ಪಿತು. ಆಮೇಲೆ ಶುರುವಾಯಿತು ತಳಿ ಸುಧಾರಣೆ. ಮೆರಿನೊ ವಂಶದ ರಾಂಬುಯೆ ಟಗರುಗಳನ್ನು ತಂದು ಹಿಂಡಿಗೆ ಬಿಟ್ಟರು. ಮಾಂಸ ಹೆಚ್ಚಿತು, ಉಣ್ಣೆ ನಯವಾಯಿತು. ಆದರೆ ಆ ಉಣ್ಣೆ ಜಿಡ್ಡುಜಿಡ್ಡು, ಗುಂಗುರು. ನೀರಿಲ್ಲದ ಊರಿನಲ್ಲಿ ಅದನ್ನು ತೊಳೆಯುವುದು ಹೇಗೆ? ಕೈಯಲ್ಲಿ ನೂತರೆ ಗಂಟುಗಂಟು. ಗಿರಣಿಯ ಕಣ್ಣಿನಲ್ಲಿ ಮೇಲಾದದ್ದು ನೇಕಾರ್ತಿಯ ಕೈಯಲ್ಲಿ ಕೆಟ್ಟದ್ದಾಯಿತು. 1930ರ ದಶಕದಲ್ಲಿ ಇನ್ನೊಂದು ಪೆಟ್ಟು. ಕುರಿಗಳು ಮೇದು ಮೇದು ಮಣ್ಣು ಸವೆದು ಹೂವರ್ ಅಣೆಕಟ್ಟಿಗೆ ಹೂಳು ತುಂಬುತ್ತದೆ ಎಂಬ ಭಯಕ್ಕೆ ಸರ್ಕಾರ ಅವರ ಹಿಂಡುಗಳನ್ನು ಬಲವಂತವಾಗಿ ಕಡಿತ ಮಾಡಿತು. ಚುರ್ರೊ ಅಳಿವಿನ ಅಂಚಿಗೆ ಬಂತು. ಪಶುವಿಜ್ಞಾನಿ ಲೈಲ್ ಮೆಕ್‌ನೀಲ್ 1970ರ ದಶಕದಲ್ಲಿ ಅಲ್ಲಲ್ಲಿ ಉಳಿದಿದ್ದ ಕುರಿಗಳನ್ನು ಹುಡುಕಿ ತಳಿ ಬೆಳೆಸಲು ಶುರು ಮಾಡಿದ ಮೇಲೆ ಅದು ಮತ್ತೆ ನವಹೋ ಹಟ್ಟಿಗಳಿಗೆ ಬರತೊಡಗಿತು.

ನಮ್ಮಲ್ಲಿ ಸೈನ್ಯ ಬರಲಿಲ್ಲ, ಮಾರುಕಟ್ಟೆ ಬಂತು. ಕುರಿಯ ಬೆಲೆ ಈಗ ಮಾಂಸದಲ್ಲಿ. ಕೆಂಗುರಿಯಂಥ, ಉಣ್ಣೆ ಬಿಡದ ತಳಿಗಳಿಗೆ ಬೇಡಿಕೆ ಜಾಸ್ತಿ. ಪಾಣಿಪತ್‌ನಲ್ಲಿ ಹಳೇ ಉಣ್ಣೆ ಬಟ್ಟೆ ಚೂರು ಮಾಡಿ ಮತ್ತೆ ನೂತ ಅಗ್ಗದ ಹೊದಿಕೆಗಳು, ಅಕ್ರಿಲಿಕ್ ರಗ್ಗುಗಳು ಸಂತೆ ಸಂತೆಗೂ ಬಂದಿವೆ. ಡೆಕ್ಕನಿ ಉಣ್ಣೆಗೆ ಸಿಗುವ ಹಣ ಕತ್ತರಿಸುವ ಕೂಲಿಗೂ ಸಾಲದು ಎಂದು ಕುರಿಗಾರರು ಹೇಳುತ್ತಾರೆ. ಉಣ್ಣೆಯನ್ನು ಮೆತ್ತಗಿದೆಯಾ ಎಂಬ ಒಂದೇ ಅಳತೆಯಲ್ಲಿ ಅಳೆದದ್ದೇ ಇಲ್ಲಿನ ದೊಡ್ಡ ತಪ್ಪು ಎಂದು ನನ್ನ ಲೆಕ್ಕ. ಒರಟು ಉಣ್ಣೆ ಜಮಖಾನ, ಕಾರ್ಪೆಟ್, ಹೊರಗಿನ ಹೊದಿಕೆಗೆ ಬೇಕಾದ ಉಣ್ಣೆ. ಅದನ್ನು ಸ್ವೆಟರಿನ ಜೊತೆ ಪಂದ್ಯಕ್ಕೆ ಬಿಟ್ಟರೆ ಸೋಲುತ್ತದೆ.

ಈಗ ಢಾಕಾಕ್ಕೆ ಹೋಗೋಣ. ಅಲ್ಲಿನ ಮಸ್ಲಿನ್ ಪ್ರಪಂಚದ ಅತಿ ತೆಳು ಹತ್ತಿ ಬಟ್ಟೆಗಳಲ್ಲಿ ಒಂದಾಗಿತ್ತು. ಅದು ಫುಟಿ ಕಾರ್ಪಾಸ್ ಎಂಬ ದೇಸಿ ಹತ್ತಿಯಿಂದ ಬರುತ್ತಿತ್ತು, ಮೇಘನಾ ನದಿಯ ದಡದಲ್ಲಿ ಬೆಳೆಯುತ್ತಿತ್ತು. ಅಚ್ಚರಿ ಏನೆಂದರೆ ಅದರ ಎಳೆ ಗಿಡ್ಡ. ಇಂದಿನ ಗಿರಣಿ ಉದ್ದ ಎಳೆಯನ್ನೇ ಕೇಳುತ್ತದೆ, ಗಿಡ್ಡದ್ದನ್ನು ಕಡಿಮೆ ದರ್ಜೆ ಅನ್ನುತ್ತದೆ. ಆದರೆ ನುರಿತ ಬೆರಳು ಆ ಗಿಡ್ಡ ಎಳೆಯನ್ನೇ ಕೂದಲಿಗಿಂತ ತೆಳುವಾಗಿ ಎಳೆಯಬಲ್ಲದು. ಒಂದು ಷರತ್ತು: ಗಾಳಿಯಲ್ಲಿ ತೇವ ಇರಬೇಕು. ಹತ್ತಿ ತೇವದಲ್ಲಿ ಗಟ್ಟಿ ಅಂದೆನಲ್ಲ. ಅದಕ್ಕೇ ನೂಲುವ ಹೆಂಗಸರು ಬೆಳಗಿನ ಮಂಜಿನ ಹೊತ್ತಿನಲ್ಲಿ, ಆಮೇಲೆ ಸಂಜೆಯ ತಂಪಿನಲ್ಲಿ ಕೂರುತ್ತಿದ್ದರು. ಬಿಸಿಲೇರಿದರೆ ಎಳೆ ಪಟಪಟ ಹರಿಯುತ್ತಿತ್ತು. ಎಳೆಗಳಲ್ಲಿನ ಕಸ ತೆಗೆಯಲು ಬೋಆಲ್ ಮೀನಿನ ದವಡೆಯೇ ಬಾಚಣಿಗೆ. ಅದರ ಸಣ್ಣ ಹಲ್ಲುಗಳಷ್ಟು ನಾಜೂಕಾದ ಸಾಧನ ಬೇರೆ ಇರಲಿಲ್ಲ. ಹಾಸಿನ ನೂಲಿಗೆ ಅಕ್ಕಿಯ ಗಂಜಿ. ಚಳ್ಳಕೆರೆಯ ಹುಣಸೆ ಬೀಜ ಮಾಡುವ ಕೆಲಸವನ್ನೇ ಅದು ಅಲ್ಲಿ ಮಾಡುತ್ತದೆ.

ಮಸ್ಲಿನ್ ಮುಗಿದು ಹೋದದ್ದಕ್ಕೆ ಬ್ರಿಟಿಷರು ನೇಕಾರರ ಹೆಬ್ಬೆರಳು ಕತ್ತರಿಸಿದರು ಎಂಬ ಕಥೆ ಎಲ್ಲರೂ ಕೇಳಿದ್ದೇವೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಹಿಂದೆ ನೌಕರನಾಗಿದ್ದ ವಿಲಿಯಂ ಬೋಲ್ಟ್ಸ್ 1772ರಲ್ಲಿ ಬರೆದಿರುವುದು ಬೇರೆ. ಬಂಗಾಳದಲ್ಲಿ ರೇಷ್ಮೆ ಸುತ್ತುವವರು ಕಂಪನಿಯ ಬಲವಂತದ ದುಡಿಮೆ ತಪ್ಪಿಸಿಕೊಳ್ಳಲು ತಾವೇ ಹೆಬ್ಬೆರಳು ಕತ್ತರಿಸಿಕೊಂಡರು ಎಂದು. ಅದು ಕಡಿಮೆ ಭೀಕರವೇನಲ್ಲ. ಮಸ್ಲಿನ್‌ಗೆ ಕುತ್ತು ತಂದದ್ದು ಕಂಪನಿಯ ಕಾಟ, ಸುಂಕ, ಕೊಳ್ಳುತ್ತಿದ್ದ ನವಾಬರ ಆಸ್ಥಾನಗಳ ಪತನ, 19ನೇ ಶತಮಾನದ ಗಿರಣಿ ನೂಲು. ಎಲ್ಲ ಸೇರಿ. ಅದರ ಮಗಳಾಗಿ ಜಾಮ್ದಾನಿ ಉಳಿಯಿತು. ಗುಂಡಿ ಮಗ್ಗದಲ್ಲಿ ಇಬ್ಬರು ಅಕ್ಕಪಕ್ಕ ಕೂತು, ಸಾದಾ ಹೊಕ್ಕಿನ ನಡುವೆ ಹೂವಿಗೆ ಬೇಕಾದ ದಪ್ಪ ನೂಲನ್ನು ಕೈಯಲ್ಲೇ ಸೇರಿಸುತ್ತಾ ಹೋಗುತ್ತಾರೆ. ಯುನೆಸ್ಕೊ 2013ರಲ್ಲಿ ಅದನ್ನು ತನ್ನ ಪಟ್ಟಿಗೆ ಸೇರಿಸಿತು.

ಬಣ್ಣದ ವಿಷಯವೂ ಎಳೆಗೇ ಬಂದು ನಿಲ್ಲುತ್ತದೆ. ಪ್ರೋಟೀನ್ ಆದ್ದರಿಂದ ಉಣ್ಣೆ, ರೇಷ್ಮೆ ಬೇಗ ಬಣ್ಣ ಹಿಡಿಯುತ್ತವೆ. ಹತ್ತಿ ಹಟಮಾರಿ. ಅದಕ್ಕೆ ಗಟ್ಟಿ ಕೆಂಪು ಹಿಡಿಸಬೇಕಾದರೆ ಅಳಲೆಕಾಯಿ, ಪಟಕ ಇತ್ಯಾದಿ ಹಾಕಿ ಹಲವು ಸಲ ಮುಳುಗಿಸಿ ಒಣಗಿಸಬೇಕು. ನೀಲಿ ಮಾತ್ರ ಇಬ್ಬರಿಗೂ ಒಲಿಯುತ್ತದೆ. ಪೆರುವಿನ ಉವಾಕಾ ಪ್ರಿಯೆಟಾ ಎಂಬಲ್ಲಿ ಸಿಕ್ಕ ಸುಮಾರು 6,000 ವರ್ಷ ಹಳೆಯ ಹತ್ತಿ ಬಟ್ಟೆಯ ಚೂರುಗಳಲ್ಲೂ ನೀಲಿ ಪತ್ತೆಯಾಗಿದೆ. ಕೆಂಪು ಸಿಗದ ಕಡೆ ಜನ ಏನು ಮಾಡಿದರು ಗೊತ್ತಾ? ನವಹೋ ಹೆಂಗಸರು ಯುರೋಪಿನಿಂದ ಬಂದ ಕೆಂಪು ಉಣ್ಣೆ ಬಟ್ಟೆಯನ್ನು ಎಳೆ ಎಳೆಯಾಗಿ ಬಿಚ್ಚಿ, ಆ ನೂಲನ್ನು ತಮ್ಮ ಹೊದಿಕೆಯಲ್ಲಿ ನೆಯ್ದರು. ಅತ್ತ ಈಗಿನ ಘಾನಾದಲ್ಲಿ ಅಸಾಂಟೆ ನೇಕಾರರು ಪರದೇಶದ ರೇಷ್ಮೆ ಬಟ್ಟೆ ಬಿಚ್ಚಿ ಕೆಂಟೆ ಎಂಬ ತಮ್ಮ ಬಟ್ಟೆಗೆ ಬಳಸಿದರು. ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಎರಡು ಕಡೆ ಒಂದೇ ಉಪಾಯ. ನಮ್ಮ ಕರಿ ಕಂಬಳಿಗೆ ಈ ಗೋಜೇ ಇಲ್ಲ. ಕಪ್ಪು ಕುರಿ, ಕಪ್ಪು ಕಂಬಳಿ. ಅಂಚಿಗೆ ಗೆರೆ ಬೇಕಾದರೆ ಬಿಳಿ ಕುರಿ ಇದೆ.

ಕೆಂಟೆ ಅಂದೆ. ಅದು ಒಂದು ಅಂಗೈ ಅಗಲದ ಪಟ್ಟಿಗಳಾಗಿ ಬರುತ್ತದೆ. ಮಗ್ಗವೇ ಕಿರಿದು. ಹಾಸಿನ ನೂಲಿನ ಇನ್ನೊಂದು ತುದಿಯನ್ನು ದೂರದಲ್ಲಿ ಕಲ್ಲಿನ ಭಾರಕ್ಕೆ ಕಟ್ಟಿರುತ್ತಾರೆ. ನೆಯ್ದಂತೆ ಕಲ್ಲು ಹತ್ತಿರ ಬರುತ್ತದೆ. ಆಮೇಲೆ ಪಟ್ಟಿಗಳನ್ನು ಪಕ್ಕಪಕ್ಕ ಹೊಲಿದು ದೊಡ್ಡ ಬಟ್ಟೆ ಮಾಡುತ್ತಾರೆ. ಆಂಡಿಸ್ ಬೆಟ್ಟಗಳ ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ನೆಯ್ಯುವವಳ ಸೊಂಟಕ್ಕೆ. ಅವಳು ಹಿಂದಕ್ಕೆ ವಾಲಿದರೆ ನೂಲು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಬಟ್ಟೆಯ ಅಗಲ ಅವಳ ಕೈ ಎಟುಕುವಷ್ಟೇ. ನಾಲ್ಕೂ ಕಡೆ ಅಂಚು ಮುಗಿದಿರುತ್ತದೆ, ಕತ್ತರಿ ಹಾಕುವ ಪ್ರಶ್ನೆ ಇಲ್ಲ.

ಎರಡು ಬೇರೆ ಸ್ವಭಾವದ ಎಳೆಗಳನ್ನು ಒಂದೇ ಬಟ್ಟೆಯಲ್ಲಿ ತಂದ ನಮ್ಮ ಜಾಣತನ ನೋಡಬೇಕಾದರೆ ಬಾಗಲಕೋಟೆ ಜಿಲ್ಲೆಯ ಇಳಕಲ್‌ಗೆ ಹೋಗಬೇಕು. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಸುಮ್ನೆ ಯೋಚಿಸಿ ನೋಡಿ, ಇದು ಹೇಗೆ ಸಾಧ್ಯ? ಹಾಸಿನ ನೂಲು ಸೀರೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಹೋಗುತ್ತದೆ. ಒಡಲಿನಲ್ಲಿ ಹತ್ತಿ ಇದ್ದರೆ ಸೆರಗಿನಲ್ಲೂ ಹತ್ತಿಯೇ ಇರಬೇಕು. ಹೆಚ್ಚಿನ ಸೀರೆಗಳಲ್ಲಿ ಸೆರಗಿನ ಅಂದವೆಲ್ಲ ಹೊಕ್ಕಿನಿಂದ ಬರುವುದು ಇದಕ್ಕೇ. ಇಳಕಲ್ ನೇಕಾರರು ಒಡಲಿನ ಹಾಸನ್ನು ಬೇರೆ, ಸೆರಗಿನ ಹಾಸನ್ನು ಬೇರೆ ಮಾಡುತ್ತಾರೆ. ಒಡಲಿನ ಒಂದು ಎಳೆಯ ಕುಣಿಕೆಯೊಳಗೆ ಸೆರಗಿನ ಒಂದು ಎಳೆಯ ಕುಣಿಕೆ. ಹೀಗೆ ಸಾವಿರಾರು ಕೊಂಡಿ, ಒಂದೊಂದಾಗಿ, ಕೈಯಲ್ಲಿ. ಗಂಟಿಲ್ಲ, ಹೊಲಿಗೆ ಇಲ್ಲ. ಇದರ ಬೆಲೆಯೂ ತೆರಬೇಕು. ಬೇರೆ ಕಡೆ ಒಂದೇ ಉದ್ದ ಹಾಸು ಏರಿಸಿ ಸಾಲಾಗಿ ಹಲವು ಸೀರೆ ನೆಯ್ಯಬಹುದು. ಕೊಂಡಿ ಹಾಕಿದ ಮೇಲೆ ಪ್ರತಿ ಸೀರೆಗೂ ಪ್ರತ್ಯೇಕ ಹಾಸು. ತೋಪು ತೆನೆ ಎನ್ನುವ ಆ ಕೆಂಪು ಬಿಳಿ ಸೆರಗು ಹುಟ್ಟುವುದು ಈ ಕೆಲಸದಿಂದ. ಅಂಗಡಿಯಲ್ಲಿ ಇಳಕಲ್ ಎಂದು ತೋರಿಸಿದರೆ ಒಡಲು ಮತ್ತು ಸೆರಗು ಸೇರುವ ಗೆರೆಯನ್ನು ತಿರುಗಿಸಿ ನೋಡಿ. ಕೊಂಡಿ ಇದ್ದರೆ ಅಲ್ಲಿ ಸಣ್ಣ ಉಬ್ಬು ಸಾಲು ಬೆರಳಿಗೆ ಸಿಗುತ್ತದೆ.

ಕಂಬಳಿ ಕೊಳ್ಳುವಾಗ ಅಂಚಿನ ಒಂದು ನೂಲು ಕೇಳಿ ತೆಗೆದುಕೊಂಡು ಸುಟ್ಟು ನೋಡಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿಯುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ತೊಳೆಯುವುದು ತಣ್ಣೀರಿನಲ್ಲಿ, ಉಜ್ಜದೆ, ಹಿಂಡದೆ. ಒದ್ದೆ ಉಣ್ಣೆಗೆ ಬಲ ಕಡಿಮೆ, ಹಾಗಾಗಿ ತಂತಿಗೆ ತೂಗು ಹಾಕಿದರೆ ತನ್ನ ಭಾರಕ್ಕೇ ಜಗ್ಗುತ್ತದೆ. ಚಾಪೆಯ ಮೇಲೆ ಹರಡಿ ಒಣಗಿಸಿ. ಹತ್ತಿಯನ್ನು ನುಸಿ ಮುಟ್ಟುವುದು ಅಪರೂಪ, ಉಣ್ಣೆಯ ಕೆರಾಟಿನ್ ಮಾತ್ರ ಅದರ ಮರಿಹುಳಕ್ಕೆ ಊಟ. ವರ್ಷಕ್ಕೆ ಎರಡು ಮೂರು ಸಲ ಬಿಸಿಲಿಗೆ ಹಾಕಿ ಚೆನ್ನಾಗಿ ಕೊಡವಿ. ಚುಚ್ಚುವುದು ಸಹಿಸಲಾಗದಿದ್ದರೆ ಒಳಗೊಂದು ಹಳೇ ಹತ್ತಿ ಪಂಚೆ ಹೊದ್ದು, ಮೇಲೆ ಕಂಬಳಿ ಎಳೆದುಕೊಳ್ಳಿ.